ಮೊದಲ ಗುಟುಕು ಮೂಗಿಗೆ

ಬೆಂಗಳೂರಿನ ಪಶ್ಚಿಮದ ಕುರುಬರಹಳ್ಳಿಯಲ್ಲಿ ಬೆಳೆದವರ ಮೂಗಿಗೆ ಯಾವತ್ತೂ ಬಿಡುವಿಲ್ಲ. ಬೆಳಗಾದರೆ ಮುಖ್ಯರಸ್ತೆಯ ಕಾಫಿಪುಡಿ ಅಂಗಡಿಯ ಮಷಿನ್ ತಿರುಗತೊಡಗುತ್ತದೆ, ಹುರಿದ ಬೀಜದ ಘಮ ಬಸ್ ಸ್ಟಾಪಿನವರೆಗೂ ಬರುತ್ತದೆ. ಸಂಜೆ ಅಯ್ಯಂಗಾರ್ ಬೇಕರಿಯಲ್ಲಿ ಖಾರಾ ಬನ್ನು ಒಲೆಯಿಂದ ಇಳಿಯುವ ಹೊತ್ತು. ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣದಿಂದ ಯಶವಂತಪುರದ ಕಡೆ ಒಂದೇ ಸ್ಟಾಪ್ ಹೋದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದ ಆ ಸರ್ಕಾರಿ ಕಾರ್ಖಾನೆಯ ಮುಂದೆ ಓಡಾಡಿದವರಿಗೆ ಗಂಧದ ಪರಿಚಯವನ್ನು ಬೇರೆ ಯಾರೂ ಮಾಡಿಕೊಡಬೇಕಿಲ್ಲ. ಇತ್ತ ಮಾಗಡಿ ರಸ್ತೆಯ ಕಡೆ ಅಗರಬತ್ತಿಯ ಶೆಡ್ಡುಗಳು. ಇಂಥ ಮೂಗುಗಳಿಗೆ ಹೇಳಿ ಮಾಡಿಸಿದಂಥ ಪೇಯವೊಂದು ಇದೇ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ 2010ರ ದಶಕದ ಆರಂಭದಿಂದ ತಯಾರಾಗುತ್ತಿದೆ. ಅದು ಹಾಪ್ಸ್ ಧಾರಾಳವಾಗಿ ಬಿದ್ದ ಬಿಯರ್. ಊರಿನ ಪಶ್ಚಿಮದವರು ಅದನ್ನು ಇನ್ನೂ ಪೂರ್ತಿಯಾಗಿ ತಮ್ಮದು ಮಾಡಿಕೊಂಡಿಲ್ಲ, ಮಾಡಿಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಅವರ ಮೂಗಿನಲ್ಲೇ ಇದ್ದರೂ.

ಹಾಪ್ಸ್ ಒಂದು ಬಳ್ಳಿಯ ಹೂವು. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದು, ಆದರೆ ಆ ಮತ್ತು ಇದಕ್ಕಿಲ್ಲ. ತೋಟದಲ್ಲಿ ಹದಿನೈದು ಇಪ್ಪತ್ತು ಅಡಿ ಎತ್ತರಕ್ಕೆ ಕಟ್ಟಿದ ಹುರಿಯನ್ನು ಸುತ್ತಿಕೊಂಡು ಹತ್ತುತ್ತದೆ. ಹೆಣ್ಣು ಬಳ್ಳಿಯ ಹಸಿರು ಹೂವನ್ನು ಬಿಡಿಸಿದರೆ ಎಸಳಿನ ಬುಡದಲ್ಲಿ ಅರಿಸಿನ ಬಣ್ಣದ ಅಂಟು ಪುಡಿ ಕಾಣಿಸುತ್ತದೆ. ಅದರ ಹೆಸರು ಲುಪುಲಿನ್. ಬಿಯರಿನ ಕಹಿ, ಬಿಯರಿನ ಘಮ, ಎರಡೂ ಆ ಪುಡಿಯಲ್ಲಿವೆ. ಬಳ್ಳಿಗೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು, ಚಳಿಗಾಲದಲ್ಲಿ ಕೊರೆಯುವ ಥಂಡಿ ಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಭಾರತದಲ್ಲಿ ಅದು ನೆಲೆಯೂರಿದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಪಬ್ಬಿನಲ್ಲೇ ಬಿಯರ್ ತಯಾರಿಸುವ ನಮ್ಮ ಬ್ರೂಪಬ್ಬುಗಳಿಗೆ ಬರುವುದು ಹೆಚ್ಚಾಗಿ ಅಮೆರಿಕ, ಜರ್ಮನಿಗಳಿಂದ. ಒಣಗಿಸಿ, ಪುಡಿ ಮಾಡಿ, ಸಣ್ಣ ಹಸಿರು ಗುಳಿಗೆಗಳಾಗಿ ಒತ್ತಿ, ಗಾಳಿಯಾಡದ ಪೊಟ್ಟಣದಲ್ಲಿ ತಂಪಾಗಿ ಬರುತ್ತದೆ.

ಬೆಂಗಳೂರಿಗೆ ಬಿಯರ್ ಹೊಸದಲ್ಲ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಗೊಂಡ ಮೇಲೆ ಸಿಪಾಯಿಗಳ ಜತೆಗೆ ಅದೂ ಬಂತು. 1885ರಲ್ಲಿ ಬೆಂಗಳೂರು ಬ್ರೂಯಿಂಗ್ ಕಂಪನಿ ಹುಟ್ಟಿತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ಅದನ್ನೂ ನೀಲಗಿರಿಯ ಕಾಸಲ್ ಬ್ರೂವರಿಯನ್ನೂ ಸೇರಿಸಿ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠಲ ಮಲ್ಯ ಅದರ ನಿರ್ದೇಶಕರಾದರು. ಮುಂದಿನದು ಊರಿಗೇ ಗೊತ್ತಿರುವ ಕಥೆ. 1980ರ ದಶಕದಲ್ಲಿ ಪಬ್ಬುಗಳು ಬಂದು ಬೆಂಗಳೂರಿಗೆ ಪಬ್ ಸಿಟಿ ಎಂಬ ಹೆಸರೂ ಬಂತು. 1989ರ ಪೆಕೋಸ್ ಆ ಪೀಳಿಗೆಯದು. ಆದರೆ ಆ ಎಲ್ಲ ಮಗ್ಗುಗಳಲ್ಲಿ ತುಂಬುತ್ತಿದ್ದದ್ದು ಕಾರ್ಖಾನೆಯ ತಿಳಿ ಲಾಗರ್. ಪಬ್ಬಿನಲ್ಲೇ ಹಂಡೆ ಇಟ್ಟು ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಕೊಡುವ ಪದ್ಧತಿ ಬೆಂಗಳೂರಿಗೆ ಬಂದದ್ದು 2010–11ರ ಸುಮಾರಿಗೆ, ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್, ವಿಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ ಜತೆಗೆ. 2012ರಲ್ಲಿ ಮ್ಯಾಗ್ರಾತ್ ರಸ್ತೆಗೆ ಆರ್ಬರ್ ಬಂತು. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ 1995ರಲ್ಲಿ ಶುರುವಾಗಿದ್ದ ಬ್ರೂಪಬ್ಬಿನ ಬೆಂಗಳೂರು ಕವಲು ಅದು. ಅವರ ರೇಜಿಂಗ್ ಎಲಿಫೆಂಟ್ ಐಪಿಎ, ಹಾಪ್ಸ್ ಧಾರಾಳವಾಗಿ ಬೀಳುವ ಬಗೆಯ ಬಿಯರ್, ಅನೇಕ ಬೆಂಗಳೂರಿಗರ ನಾಲಿಗೆಗೆ ಬಿದ್ದ ಮೊದಲ ಹಾಪ್ಸ್ ಕಹಿ. ಹಳೆ ಮದ್ರಾಸು ರಸ್ತೆಯ ಕಡೆ ಬ್ರೂವರಿ ಕಟ್ಟಿದ ಗೈಸ್ಟ್‌ನವರು ಕಾಮಾಸಿಟ್ರಾ ಎಂಬ ಐಪಿಎ ಮಾಡಿದರು. ಸಿಟ್ರಾ ಎಂಬ ಅಮೆರಿಕದ ಹಾಪ್ಸ್ ತಳಿಯ ಹೆಸರು ಅದರೊಳಗೇ ಕೂತಿದೆ.

ಈ ಹೆಸರುಗಳೆಲ್ಲ ಇಂದಿರಾನಗರ, ದಂಡುಪ್ರದೇಶ, ವೈಟ್‌ಫೀಲ್ಡಿನ ಕಡೆಯವು. ರಾಜಾಜಿನಗರದಿಂದ ಕೆಂಗೇರಿವರೆಗಿನ ಬೆಂಗಳೂರು ಬಹುಕಾಲ ಬಾರ್ ಅಂಡ್ ರೆಸ್ಟೋರೆಂಟುಗಳ ಊರು. ಪಾಳಿ ಮುಗಿಸಿ ಬಂದ ಕಾರ್ಮಿಕರಿಗೆ ಅಲ್ಲಿ ಬೇಕಾಗಿದ್ದದ್ದು ತಣ್ಣಗಿನ, ಬೇಗ ಕೆಲಸ ಮಾಡುವ ಸ್ಟ್ರಾಂಗ್ ಬಿಯರ್. ನಾಕ್ ಔಟ್, ಕಿಂಗ್‌ಫಿಷರ್ ಸ್ಟ್ರಾಂಗ್. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಬಿಯರನ್ನು ಯಾರೂ ಮೂಸಿ ನೋಡುವುದಿಲ್ಲ, ಮೂಸಲಿ ಎಂದು ಅದನ್ನು ಮಾಡಿಯೂ ಇಲ್ಲ.

ಆ ಸ್ಟ್ರಾಂಗ್ ಬಿಯರಿನಿಂದ ಹಾಪ್ಸ್ ಬಿಯರಿಗೆ ದಾಟುವುದು ಹೇಗಿರುತ್ತದೆ ಎಂಬುದನ್ನು ಕುರುಬರಹಳ್ಳಿಯ ಇಬ್ಬರು ಗೆಳೆಯರ ಒಂದು ಶನಿವಾರದ ಸಂಜೆಯಲ್ಲಿ ನೋಡಬಹುದು. ಒಬ್ಬರು ಅಗರಬತ್ತಿ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವರು, ಇನ್ನೊಬ್ಬರು ಕಾಮಾಕ್ಷಿಪಾಳ್ಯದಲ್ಲಿ ಲೇತ್ ಶಾಪ್ ಇಟ್ಟವರು. ಇಬ್ಬರಿಗೂ ಐವತ್ತರ ಆಸುಪಾಸು. ಮಹಾಲಕ್ಷ್ಮಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರಿನಿಂದ ನೇರಳೆಗೆ ಬದಲಿಸಿ, ಇಂದಿರಾನಗರದಲ್ಲಿ ಇಳಿದರು. ಗಾಡಿ ಮನೆಯಲ್ಲೇ ಬಿಟ್ಟು ಬಂದದ್ದು ಬುದ್ಧಿವಂತಿಕೆ. ಐಪಿಎ ಸಾಮಾನ್ಯವಾಗಿ ಶೇ 6, 7ರ ಬಿಯರ್, ಕುಡಿದವರು ಹ್ಯಾಂಡಲ್ ಹಿಡಿಯಬಾರದು.

ಅವರು ಹೋದದ್ದು ಗಾಜಿನ ಗೋಡೆಯ ಹಿಂದೆ ನಾಲ್ಕು ಸ್ಟೀಲ್ ಟ್ಯಾಂಕ್ ನಿಲ್ಲಿಸಿಕೊಂಡ ಚಿಕ್ಕ ಬ್ರೂಪಬ್ಬಿಗೆ. ಮೊದಲು ಸ್ಯಾಂಪ್ಲರ್ ಬಂತು. ಮರದ ಹಲಗೆಯಲ್ಲಿ ಕೊರೆದ ಗುಳಿಗಳಲ್ಲಿ ಸಣ್ಣ ಸಣ್ಣ ಗ್ಲಾಸುಗಳು: ಗೋಧಿಯದು, ತಿಳಿ ಬಣ್ಣದ್ದು, ಕಪ್ಪು ಸ್ಟೌಟು, ಕೊನೆಗೆ ಐಪಿಎ. ಸಾಲಿನಲ್ಲಿ ಐಪಿಎ ಕೊನೆಗಿರುವುದಕ್ಕೆ ಕಾರಣವಿದೆ. ಅದರ ಕಹಿ ನಾಲಿಗೆಗೆ ಅಂಟಿಕೊಂಡ ಮೇಲೆ ಗೋಧಿ ಬಿಯರಿನ ನಾಜೂಕು ತಿಳಿಯುವುದೇ ಇಲ್ಲ.

ಲೇತ್ ಶಾಪಿನವರು ಐಪಿಎಯ ಸಣ್ಣ ಗ್ಲಾಸನ್ನು ಒಂದೇ ಸಲಕ್ಕೆ ಎತ್ತಿ ಮುಗಿಸಿದರು.

"ಏನ್ ಗುರು ಇದು, ಹಾಗಲಕಾಯಿ ರಸ ಕೊಟ್ಟಂಗಿದೆ!"

"ನೀನು ಕುಡಿದುಬಿಟ್ಟೆ. ನಾನಿನ್ನೂ ಮೂಸಿಲ್ಲ, ತಡಿ."

ಅಗರಬತ್ತಿಯವರು ಒಂದು ಪೂರ್ತಿ ಗ್ಲಾಸ್ ತರಿಸಿಕೊಂಡರು. ಅದು ಮಂಜು ಹಿಡಿದ ಗ್ಲಾಸಿನಲ್ಲಿ ಬಂತು. "ತಮ್ಮಾ, ಫ್ರಿಜ್ಜಿನಲ್ಲಿ ಇಡದ ಗ್ಲಾಸ್ ಇದ್ರೆ ಅದ್ರಲ್ಲಿ ಕೊಡ್ತೀಯಾ?" ಎಂದರು. ಹುಡುಗ ಒಂದು ಕ್ಷಣ ನೋಡಿ, ಬದಲಿಸಿ ತಂದ. ಈ ಒಂದು ಮಾತಿನಲ್ಲಿ ಅವರ ಅರ್ಧ ಅನುಭವ ಗೊತ್ತಾಗುತ್ತದೆ. ಪರಿಮಳ ಏಳಬೇಕಾದರೆ ತೈಲ ಆವಿಯಾಗಬೇಕು, ಕೊರೆಯುವ ಥಂಡಿಯಲ್ಲಿ ಯಾವ ತೈಲವೂ ಏಳುವುದಿಲ್ಲ. ಹಾಪ್ಸ್ ಬಿಯರಿಗೆ 7ರಿಂದ 10 ಡಿಗ್ರಿ ಹದ. ನಮ್ಮಲ್ಲಿ ಬಿಯರ್ ಎಂದರೆ ಚಿಲ್ಡ್ ಎಂಬ ಅಭ್ಯಾಸ ಎಷ್ಟು ಗಟ್ಟಿಯಾಗಿದೆಯೆಂದರೆ, ಒಳ್ಳೆಯ ಬ್ರೂವರ್ ಮೂರು ವಾರ ದುಡಿದು ಕೂಡಿಸಿದ ಘಮವನ್ನು ಗ್ಲಾಸಿನ ಮಂಜು ಎರಡು ನಿಮಿಷದಲ್ಲಿ ಮುಚ್ಚಿಹಾಕುತ್ತದೆ.

ಬಣ್ಣ ಹಳೆಯ ಜೇನಿನದು, ತುಸು ಮಸುಕು. ನೊರೆ ಎರಡು ಬೆರಳು ದಪ್ಪ, ಬಿಳಿ, ಬೇಗ ಇಳಿಯದ್ದು. ಗ್ಲಾಸು ಓರೆ ಮಾಡಿದರೆ ನೊರೆ ಗೋಡೆಗೆ ಅಲ್ಲಲ್ಲಿ ಅಂಟಿ ಉಳಿಯಿತು. ಅಂಟದಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ, ಎಣ್ಣೆಯ ಜಿಡ್ಡಿದೆ ಎಂದು ಲೆಕ್ಕ.

ಆಮೇಲೆ ಮೂಗು. ಅಗರಬತ್ತಿಯವರು ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಅಂಗೈಯಿಂದ ಬಾಯಿ ಮುಚ್ಚಿ, ತೆಗೆದು, ಗಿಡ್ಡ ಉಸಿರಿನಲ್ಲಿ ಎರಡು ಸಲ ಎಳೆದರು. ಮೊದಲಿಗೆ ಚಕ್ಕೋತದ ಸಿಪ್ಪೆ. ಅದರ ಬೆನ್ನಿಗೇ ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ. ಕೆಳಗೆಲ್ಲೋ ಹಾಲುಮಡ್ಡಿ. ಪಶ್ಚಿಮಘಟ್ಟದ ಮರದಿಂದ ಇಳಿಯುವ ಆ ಅಂಟನ್ನು ಅಗರಬತ್ತಿಯ ಹಿಟ್ಟಿಗೆ ಕಲಸಿದ ಕೈಗಳು ಅವರವು. ಈ ಗ್ಲಾಸಿನಲ್ಲಿ ಹಾಲುಮಡ್ಡಿ ಇರಲು ಸಾಧ್ಯವಿಲ್ಲ, ಆದರೂ ಅದರ ಬಂಧುವೊಂದು ಇದೆ ಎಂದು ಅವರ ಮೂಗು ಪಟ್ಟು ಹಿಡಿಯಿತು.

ಮೂಗು ಹೇಳಿದ್ದು ಸರಿ. ಹಾಪ್ಸ್ ತೈಲದಲ್ಲಿ ಹೆಚ್ಚಾಗಿರುವ ಮಿರ್ಸೀನ್ ಎಂಬ ವಸ್ತು ಮಾವಿನಲ್ಲೂ ಇದೆ. ರಾಳದ ವಾಸನೆ ಬಹುಮಟ್ಟಿಗೆ ಅದರದೇ. ಲಿನಲೂಲ್, ಜೆರಾನಿಯಾಲ್ ಎಂಬ ಇನ್ನೆರಡಿವೆ, ಲ್ಯಾವೆಂಡರಿನಲ್ಲಿ, ಗುಲಾಬಿಯಲ್ಲಿ ಇರುವಂಥವು. ಸಾಬೂನಿಗೂ ಊದುಬತ್ತಿಗೂ ಹಾಕುವ ಸುಗಂಧಗಳಲ್ಲಿ ಇವು ದಿನನಿತ್ಯದ ಸಾಮಾನು. ಚಕ್ಕೋತದ ಮಾತೂ ಬರೀ ಊಹೆಯಲ್ಲ. ಅಮೆರಿಕದವರು ತಮ್ಮ ಹಾಪ್ಸ್ ಬಿಯರ್ ವರ್ಣಿಸುವಾಗ ಮಾತೆತ್ತಿದರೆ ಗ್ರೇಪ್‌ಫ್ರೂಟ್ ಎನ್ನುತ್ತಾರೆ. ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆ ಕೂಡಿ 18ನೇ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ ಮಿಶ್ರತಳಿ. ಅಂದರೆ ದೇವನಹಳ್ಳಿಯ ಚಕ್ಕೋತದ ತೊಳೆ ಬಿಡಿಸಿ ತಿಂದು ಬೆಳೆದವರು ಆ ಘಮದ ತಾಯಿಬೇರನ್ನೇ ಬಲ್ಲವರು. ಹೇರಳೆಕಾಯಿ ಚಿತ್ರಾನ್ನದ ಮನೆಯವರಿಗೆ ಸಿಪ್ಪೆಯ ಕಹಿಗೂ ರಸದ ಹುಳಿಗೂ ಇರುವ ವ್ಯತ್ಯಾಸ ಯಾರೂ ಕಲಿಸಬೇಕಿಲ್ಲ. ವಿದೇಶಿ ಬಿಯರ್ ಪುಸ್ತಕದಲ್ಲಿ ಓದಿದ, ಯಾವತ್ತೂ ತಿಂದಿರದ ಹಣ್ಣುಗಳ ಹೆಸರನ್ನು ಇಂದಿರಾನಗರದ ಮೇಜುಗಳಲ್ಲಿ ಒಪ್ಪಿಸುವುದು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ತಿಂದು ಬೆಳೆದ ಹಣ್ಣನ್ನು ಬಿಟ್ಟು ಓದಿದ ಹಣ್ಣನ್ನು ಹುಡುಕುವ ಮೂಗು ಏನನ್ನೂ ಕಂಡುಹಿಡಿಯಲಾರದು.

ಈಗ ಗುಟುಕು. ವೈನ್ ಪರೀಕ್ಷಕರು ಉಗುಳುತ್ತಾರೆ, ಬಿಯರ್ ಪರೀಕ್ಷಕರು ನುಂಗುತ್ತಾರೆ. ನುಂಗಿದ ಮೇಲೆ ಗಂಟಲ ಹಿಂದಿನಿಂದ ಮೂಗಿಗೆ ಏರುವ ಘಮ, ಕೊನೆಗೆ ಉಳಿಯುವ ಕಹಿ ಎರಡೂ ಲೆಕ್ಕಕ್ಕೆ ಬೇಕು. ಮೊದಲಿಗೆ ಮಾಲ್ಟಿನ ಸಿಹಿ ಬಂತು, ಬ್ರೆಡ್ಡಿನ ಕಂದು ಅಂಚಿನದು. ಅರೆಕ್ಷಣ ನಿಂತು ಸರಿಯಿತು. ನಂತರ ಕಹಿ ಎದ್ದಿತು, ನಾಲಿಗೆಯ ಎರಡೂ ಬದಿ ಹಿಡಿದು ಗಂಟಲಿಗೆ ಇಳಿಯಿತು. ಒರಟಾಗಿ ಕೆರೆಯಲಿಲ್ಲ. ಬಾಯಿ ಒಣಗಿದಂತಾಗಿ ಇನ್ನೊಂದು ಗುಟುಕು ಕೇಳಿತು. ಒಳ್ಳೆಯ ಐಪಿಎಯ ಲಕ್ಷಣವೇ ಇದು. ಕಹಿ ಎಷ್ಟಿದೆ ಎಂಬುದಕ್ಕಿಂತ ಅದು ಹೇಗೆ ಮುಗಿಯುತ್ತದೆ ಎಂಬುದರಲ್ಲಿ ಬ್ರೂವರಿನ ಕೈ ಕಾಣುತ್ತದೆ.

ಆ ಕಹಿ ಬರುವುದು ಕುದಿಯಿಂದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನುಚ್ಚು ಮಾಡಿ 65ರಿಂದ 67 ಡಿಗ್ರಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು ಕುದಿಸುವಾಗ ಹಾಪ್ಸ್ ಬೀಳುತ್ತದೆ. ಶುರುವಿನಲ್ಲೇ ಹಾಕಿ ಒಂದು ಗಂಟೆ ಕುದಿಸಿದ ಹಾಪ್ಸ್‌ನ ಆಮ್ಲಗಳು ರೂಪ ಬದಲಿಸಿ ಕಹಿಯಾಗಿ ಕರಗುತ್ತವೆ, ಆದರೆ ಅದರ ಪರಿಮಳವೆಲ್ಲ ಹಬೆಯೊಂದಿಗೆ ಹಾರಿಹೋಗುತ್ತದೆ. ಹಾಗಾಗಿ ಘಮಕ್ಕೆಂದು ಇನ್ನೊಂದು ಪಾಲನ್ನು ಒಲೆ ಆರಿಸುವ ಹೊತ್ತಿಗೆ ಹಾಕುತ್ತಾರೆ. ಮೂರನೆಯ ಪಾಲು, ಎಲ್ಲಕ್ಕಿಂತ ಮುಖ್ಯವಾದದ್ದು, ಹುದುಗಿ ತಣ್ಣಗಾದ ಬಿಯರಿನ ಟ್ಯಾಂಕಿಗೇ ನೇರವಾಗಿ. ಡ್ರೈ ಹಾಪಿಂಗ್ ಎನ್ನುವುದು ಇದಕ್ಕೆ. ಅಗರಬತ್ತಿಯವರು ಇದನ್ನು ಕೇಳಿ ತಲೆಯಾಡಿಸಿದರು. ಬಿಸಿ ಮಸಾಲೆಗೆ ಸೆಂಟು ಸುರಿಯುವವನನ್ನು ಅವರ ಕಾರ್ಖಾನೆಯಲ್ಲಿ ಮಾರನೆಯ ದಿನ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಕಹಿಗೆ ಅಳತೆಯೂ ಇದೆ, ಐಬಿಯು ಎಂದು. ಕಾರ್ಖಾನೆಯ ಸಾಧಾರಣ ಲಾಗರ್ ಹತ್ತು ಹದಿನೈದರ ಆಸುಪಾಸಿನಲ್ಲಿದ್ದರೆ, ಅಮೆರಿಕದ ಮಾದರಿಯ ಐಪಿಎಗೆ ಪರೀಕ್ಷಕರ ಕೈಪಿಡಿ 40ರಿಂದ 70 ಎನ್ನುತ್ತದೆ. ಲೇತ್ ಶಾಪಿನವರು ಬೆಚ್ಚಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮನುಷ್ಯನ ದೇಹದಲ್ಲಿ ಕಹಿಯನ್ನು ಗುರುತಿಸಲೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ, ವಿಷದಿಂದ ಕಾಪಾಡಲು. ಆ ಕಾವಲನ್ನು ಒಲಿಸಿಕೊಳ್ಳುವುದು ಅಭ್ಯಾಸದಿಂದ ಮಾತ್ರ, ಕನ್ನಡದ ಮನೆಗಳಲ್ಲಿ ಆ ಅಭ್ಯಾಸ ಯುಗಾದಿಯ ಬೇವಿನಿಂದಲೇ ಶುರು. ಮೆಂತ್ಯದ ಹಿಟ್ಟು, ಹಾಗಲಕಾಯಿ ಗೊಜ್ಜು, ಡಿಕಾಕ್ಷನ್ ಗಟ್ಟಿಯಿರುವ ಕಾಫಿ. ಅವೆಲ್ಲದರಲ್ಲೂ ಕಹಿಗೆ ಬೆಲ್ಲವೋ ಹಾಲೋ ಜೊತೆ ನಿಲ್ಲುತ್ತದೆ. ಬಿಯರಿನಲ್ಲಿ ಆ ಜಾಗ ಮಾಲ್ಟಿನದು. ಎರಡನೆಯ ಗ್ಲಾಸನ್ನು ಹಂಚಿಕೊಂಡಾಗ ಲೇತ್ ಶಾಪಿನವರು ಮೊದಲಿನಷ್ಟು ಮುಖ ಹಿಂಡಲಿಲ್ಲ.

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಹೆಸರಿನಲ್ಲಿ ಇಂಡಿಯಾ ಇರುವುದು ಹಡಗಿನ ಕಾರಣಕ್ಕೆ. ಜಾರ್ಜ್ ಹಾಡ್ಜ್‌ಸನ್ ಎಂಬಾತ 1752ರಲ್ಲಿ ಲಂಡನ್ನಿನ ಬೋ ಎಂಬಲ್ಲಿ ಬ್ರೂವರಿ ಶುರುಮಾಡಿದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುತ್ತಿದ್ದ ಜಾಗ ಅಲ್ಲಿಂದ ಹತ್ತಿರ. ಇಂಡಿಯಾದತ್ತ ಹೊರಡುವ ಹಡಗಿನಲ್ಲಿ ಸರಕು ಕಡಿಮೆ, ಬಾಡಿಗೆಯೂ ಅಗ್ಗ. ಹಡಗಿನ ಕ್ಯಾಪ್ಟನ್ನುಗಳು ಅವನ ಪೀಪಾಯಿಗಳನ್ನು ಸಾಲದ ಮೇಲೆ ಕೊಂಡು ಕಲ್ಕತ್ತೆಯಲ್ಲಿ, ಮದ್ರಾಸಿನಲ್ಲಿ ಮಾರುತ್ತಿದ್ದರು. ಗುಡ್‌ಹೋಪ್ ಭೂಶಿರ ಸುತ್ತಿ ನಾಲ್ಕರಿಂದ ಆರು ತಿಂಗಳ ಪಯಣ. ಬಿಸಿ ಸೀಮೆಗೆ ಹೋಗುವ ಬಿಯರಿಗೆ ಹಾಪ್ಸ್ ಹೆಚ್ಚಿಗೆ ಹಾಕಬೇಕೆಂಬುದು ಆ ಕಾಲದ ಬ್ರೂವರುಗಳಿಗೆ ಗೊತ್ತಿದ್ದ ಸಂಗತಿ, ಹಾಪ್ಸ್ ಕೆಡದಂತೆ ಕಾಯುತ್ತದೆ. ಹಾಡ್ಜ್‌ಸನ್ನನೇ ಇದನ್ನು ಕಂಡುಹಿಡಿದ ಎಂದು ಹೇಳುವುದುಂಟು. ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ದಾಖಲೆ ತೆಗೆದು ನೋಡಿ ಅದು ನಿಲ್ಲುವುದಿಲ್ಲ ಎಂದು ತೋರಿಸಿದ್ದಾರೆ. ಅವನಿಗೆ ಒದಗಿಬಂದದ್ದು ಜಾಗ ಮತ್ತು ಸಾಲ ಕೊಡುವ ಧೈರ್ಯ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಮುಂತಾದವರು ಅವನ ಬ್ರೂವರಿಯ ಮಾರುಕಟ್ಟೆಯನ್ನು ಕಿತ್ತುಕೊಂಡರು.

ಅವರಿಗೆ ನೆರವಾದದ್ದು ಬರ್ಟನ್ನಿನ ನೀರು. ಅಲ್ಲಿನ ನೆಲದ ಜಿಪ್ಸಮ್ ನೀರಿನಲ್ಲಿ ಬೆರೆತು, ಅದರ ಸಲ್ಫೇಟು ಹಾಪ್ಸ್ ಕಹಿಯನ್ನು ಚೂಪಾಗಿ, ಶುದ್ಧವಾಗಿ ಎತ್ತಿ ಕೊಡುತ್ತದೆ. ಬೆಂಗಳೂರಿನ ನೀರಿನ ಕಥೆ ಬೇರೆ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಏರಿ ಬರಬೇಕು. 1933ರ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಒಂದು ಕಾಲಕ್ಕೆ ಊರಿನ ಪಶ್ಚಿಮಕ್ಕೆ ಅರ್ಕಾವತಿ ಬರುತ್ತಿತ್ತು; ಕುರುಬರಹಳ್ಳಿಯಲ್ಲಿ ಪೈಪ್‌ಲೈನ್ ರಸ್ತೆ ಎಂದೇ ಒಂದು ರಸ್ತೆ ಇದೆ. ಉಳಿದದ್ದು ಬೋರ್‌ವೆಲ್, ಟ್ಯಾಂಕರು. ಬ್ರೂಪಬ್ಬುಗಳು ಸಾಮಾನ್ಯವಾಗಿ ಈ ನೀರನ್ನು ಆರ್‌ಓದಲ್ಲಿ ಸೋಸಿ ಬೋಳು ಮಾಡಿ, ಆಮೇಲೆ ಬೇಕಾದಷ್ಟು ಜಿಪ್ಸಮ್ ಬೆರೆಸಿ ಬರ್ಟನ್ನನ್ನು ಬಕೆಟ್ಟಿನಲ್ಲಿ ತಯಾರಿಸಿಕೊಳ್ಳುತ್ತವೆ. ದೊಡ್ಡ ಕಾರ್ಖಾನೆಯಲ್ಲೂ ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್ ನೀರು ಹಿಡಿಯುತ್ತದೆ, ಚಿಕ್ಕ ಜಾಗದಲ್ಲಿ ಇನ್ನೂ ಹೆಚ್ಚು. 2024ರ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾದ ಊರಿನಲ್ಲಿ ಬಿಯರಿಗೆ ಅಂಕ ಕೊಡುವವರು ಬ್ರೂವರಿಗೆ ಈ ಪ್ರಶ್ನೆಯನ್ನೂ ಕೇಳಬೇಕು: ತೊಳೆದ ನೀರು, ಆರ್‌ಓ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ? ಬಸಿದುಳಿದ ಬಾರ್ಲಿಗೆ ಒಂದು ದಾರಿ ಸಿಕ್ಕಿದೆ, ಅದು ಹಸುಗಳ ಮೇವಾಗುತ್ತದೆ. ನೀರಿಗೂ ಅಂಥ ದಾರಿ ಎಲ್ಲ ಕಡೆ ಆಗಬೇಕು.

ಆರು ತಿಂಗಳು ಸಮುದ್ರದ ಮೇಲೆ ಬಾಳಲೆಂದು ಹಾಪ್ಸ್ ಸುರಿಸಿಕೊಂಡ ಬಿಯರಿನ ವಂಶದ್ದು ಈಗ ಪಯಣವನ್ನೇ ಸಹಿಸದ ಬಿಯರ್. ಹಳೆಯ ಐಪಿಎಯಲ್ಲಿ ಹಾಪ್ಸ್ ಕಾವಲಿಗೆ ಇದ್ದದ್ದು. 1972ರಲ್ಲಿ ಅಮೆರಿಕದಲ್ಲಿ ಕ್ಯಾಸ್ಕೇಡ್ ಎಂಬ ತಳಿ ಬಿಡುಗಡೆಯಾಗಿ, 1980ರ ಸಿಯೆರಾ ನೆವಾಡಾ ಪೇಲ್ ಏಲ್ ಅದರ ಘಮವನ್ನು ಜನಕ್ಕೆ ಹತ್ತಿಸಿದ ಮೇಲೆ ಹಾಪ್ಸ್ ಪರಿಮಳಕ್ಕೆಂದೇ ಬೀಳತೊಡಗಿತು. 2008ರ ಸಿಟ್ರಾ, 2012ರ ಮೊಸಾಯಿಕ್ ಬಂದ ಮೇಲಂತೂ ಮಾವು, ಲಿಚಿ, ಕಿತ್ತಳೆ ಎಲ್ಲ ಗ್ಲಾಸಿಗೆ ಬಂದವು. ಆದರೆ ಪರಿಮಳಕ್ಕೆ ಆಯಸ್ಸು ಕಡಿಮೆ. ಆಮ್ಲಜನಕ ಸೋಕಿದರೆ ಮಂಕಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ತಂಪಾಗಿಟ್ಟರೂ ಎರಡು ಮೂರು ತಿಂಗಳಲ್ಲಿ ಚಕ್ಕೋತ ಹೋಗಿ ತೋಯ್ದ ರಟ್ಟಿನ ವಾಸನೆ ಉಳಿಯುತ್ತದೆ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿಯೇ ಒಡೆದು ನಾರುವ ಗಂಧಕದ ಸಂಯುಕ್ತವಾಗುತ್ತದೆ, ಬಿಯರ್ ಬಾಟಲಿ ಕಂದು ಬಣ್ಣದ್ದಾಗಿರುವುದು ಅದಕ್ಕೇ. ಕುರುಬರಹಳ್ಳಿಯ ಗೃಹಿಣಿ ಕಾಲು ಕೆಜಿಗಿಂತ ಹೆಚ್ಚು ಕಾಫಿಪುಡಿಯನ್ನು ಒಂದೇ ಸಲ ಕೊಳ್ಳದಿರುವುದು ಯಾವ ಲೆಕ್ಕವೋ ಇದೂ ಅದೇ ಲೆಕ್ಕ.

ಚಿಕ್ಕ ಬ್ರೂಪಬ್ಬಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಟ್ಯಾಂಕಿಗೂ ಗ್ಲಾಸಿಗೂ ನಡುವೆ ಇಪ್ಪತ್ತು ಅಡಿ ಪೈಪು. ಲಾರಿಯಿಲ್ಲ, ಗೋದಾಮಿಲ್ಲ, ಬಿಸಿಲಿಲ್ಲ. 2020ರ ಲಾಕ್‌ಡೌನಿನಲ್ಲಿ ಟ್ಯಾಂಕು ತುಂಬಿ ಗಿರಾಕಿಗಳೇ ಇಲ್ಲದಾಗ ಸರ್ಕಾರ ಕ್ರಾಫ್ಟ್ ಬಿಯರನ್ನು ಪಾರ್ಸೆಲ್ ಕೊಡಲು ತಾತ್ಕಾಲಿಕವಾಗಿ ಒಪ್ಪಿತ್ತು. ಆಗ ಮನೆಗೆ ತಂದವರು ಒಂದೆರಡು ದಿನದಲ್ಲಿ ಮುಗಿಸದಿದ್ದರೆ ವ್ಯತ್ಯಾಸ ತಾವೇ ಕಂಡರು. ಹಾಪ್ಸ್ ಬಿಯರಿಗೆ ಬ್ರೂಪಬ್ಬಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಇದು ಯಾವತ್ತು ಟ್ಯಾಪಿಗೆ ಬಂತು ಎಂಬುದು.

ಎಲ್ಲ ಬ್ರೂಪಬ್ಬೂ ಆ ಹೆಚ್ಚುಗಾರಿಕೆಯನ್ನು ಉಳಿಸಿಕೊಳ್ಳುವುದಿಲ್ಲ. ಆಮೇಲೊಂದು ದಿನ ಊರಿನ ಇನ್ನೊಂದು ಕಡೆ ಇದೇ ಗೆಳೆಯರಿಗೆ ಬಂದ ಐಪಿಎಯಲ್ಲಿ ಕರಗಿದ ಬೆಣ್ಣೆಯ ವಾಸನೆಯಿತ್ತು, ಸಿನಿಮಾ ಹಾಲಿನ ಪಾಪ್‌ಕಾರ್ನಿನದು. ಡೈಅಸಿಟೈಲ್ ಎಂಬ ವಸ್ತು ಅದು. ಯೀಸ್ಟ್ ತಾನೇ ಹುಟ್ಟಿಸಿ, ಸಮಯ ಕೊಟ್ಟರೆ ತಾನೇ ತಿಂದು ಮುಗಿಸುತ್ತದೆ. ಶನಿವಾರದ ಜನಕ್ಕೆ ಬಿಯರ್ ಸಾಲದೆಂದು ಟ್ಯಾಂಕನ್ನು ಎರಡು ದಿನ ಮೊದಲೇ ತಣ್ಣಗೆ ಮಾಡಿದರೆ ಬೆಣ್ಣೆ ಹಾಗೇ ಉಳಿಯುತ್ತದೆ. ಹಸಿ ಸೇಬಿನ ವಾಸನೆ, ಬೇಯಿಸಿದ ಮೆಕ್ಕೆಜೋಳದ ವಾಸನೆ, ಇವೂ ಅವಸರದ ಅಥವಾ ಅಜಾಗರೂಕತೆಯ ಗುರುತುಗಳು. ಹಾಪ್ಸ್ ಸುರಿದು ಇವನ್ನೆಲ್ಲ ಮುಚ್ಚಬಹುದೆಂದು ನಂಬುವ ಬ್ರೂವರುಗಳಿದ್ದಾರೆ. ಮುಚ್ಚಲಾಗದು. ಗ್ಲಾಸು ಸ್ವಲ್ಪ ಬೆಚ್ಚಗಾಗುತ್ತಿದ್ದಂತೆ ಎಲ್ಲ ಮೇಲೆ ಬರುತ್ತದೆ.

ಆ ಶನಿವಾರ ನಂಜಿಕೊಳ್ಳಲು ಅವರು ಮೊದಲು ತರಿಸಿದ್ದು ಆಂಧ್ರ ಚಿಲ್ಲಿ ಚಿಕನ್. ಅದು ಸರಿಹೋಗಲಿಲ್ಲ. ಹಾಪ್ಸ್ ಕಹಿ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತದೆ, ಆಲ್ಕೋಹಾಲು ಅದಕ್ಕೆ ಇನ್ನಷ್ಟು ಬೆಂಕಿ ಹಚ್ಚುತ್ತದೆ. ಲೇತ್ ಶಾಪಿನವರ ಹಣೆಯಲ್ಲಿ ಬೆವರೊಡೆಯಿತು. ಅವರ ಜೇಬಿನಲ್ಲಿ ಬೇಕರಿಯ ಕಾಂಗ್ರೆಸ್ ಕಡಲೆಕಾಯಿಯ ಪೊಟ್ಟಣ ಇತ್ತು. ಹೊರಗಿನದು ತಿನ್ನಬಾರದೆಂದು ಹುಡುಗ ಮೆಲ್ಲಗೆ ಹೇಳಿದ, ಅವರು ಒಳಗಿಟ್ಟರು. ಮೆನುವಿನ ಹುರಿದ ಕಡಲೆಕಾಯಿ ಬಂತು, ಉಪ್ಪು, ತುಸು ಎಣ್ಣೆ, ತುಸು ಇಂಗು. ಎಣ್ಣೆಯನ್ನು ಕಹಿ ತೊಳೆಯಿತು, ಕಹಿಯನ್ನು ಉಪ್ಪು ಮೆತ್ತಗೆ ಮಾಡಿತು. ಐಪಿಎ ಜತೆಗೆ ಇದಕ್ಕಿಂತ ಒಳ್ಳೆಯ ಜೋಡಿ ಬೆಂಗಳೂರಿನಲ್ಲಿ ಹುಡುಕುವುದು ಕಷ್ಟ.

ಬಿಯರ್ ಪರೀಕ್ಷಕರಿಗೆ ತರಬೇತಿ ಕೊಡುವ ಬಿಜೆಸಿಪಿ ಎಂಬ ಸಂಸ್ಥೆ ಅಮೆರಿಕದಲ್ಲಿ 1985ರಿಂದ ಇದೆ. ಅದರ ಅಂಕಪಟ್ಟಿ 50ಕ್ಕೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ ಮೂರು ಅಂಕ ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮುಗಿಸುವವರು ಗಮನಿಸಬೇಕು. ಅಗರಬತ್ತಿಯವರು ಟಿಷ್ಯೂ ಕಾಗದದ ಮೇಲೆ ಬರೆದರು. ಪರಿಮಳ 10, ನೋಟ 3, ರುಚಿ 15, ಮೈ 4, ಒಟ್ಟಾರೆ 7. ಮೊತ್ತ 39, ಆ ಸಂಸ್ಥೆಯ ಲೆಕ್ಕದಲ್ಲಿ ಉತ್ಕೃಷ್ಟ ದರ್ಜೆ. ರುಚಿಯಲ್ಲಿ ಐದು ಕಳೆದದ್ದಕ್ಕೆ ಅವರು ಕಾರಣ ಕೊಟ್ಟರು: ನುಂಗಿದ ಮೇಲೆ, ಚಕ್ಕೋತ ಹೋದ ಜಾಗದಲ್ಲಿ, ಹಸಿ ಹುಲ್ಲು ಅಗಿದಂತೆ ಒಂದು ಎಳೆ ಉಳಿಯುತ್ತದೆ, ತುಸು ಒಗರಾಗಿ. ಲೇತ್ ಶಾಪಿನವರು 33 ಕೊಟ್ಟರು. ಕಹಿ ಹೆಚ್ಚು ಎಂಬ ತಕರಾರು ಬಿಟ್ಟಿರಲಿಲ್ಲ, ಆದರೆ ವಾಸನೆಗೆ ಅವರೂ 10 ಹಾಕಿದ್ದರು.

ಬ್ರೂವರ್ ಹೊರಗೆ ಬಂದ, ಗಮ್‌ಬೂಟು ತೊಟ್ಟ ಮೂವತ್ತರ ಹುಡುಗ. ಟಿಷ್ಯೂ ಓದಿ, ಹುಲ್ಲಿನ ಮಾತಿಗೆ ಬಂದಾಗ ತಲೆ ಎತ್ತಿದ.

"ಸರ್, ನೀವು ಹೇಳಿದ್ದು ಕರೆಕ್ಟು. ಈ ಬ್ಯಾಚಲ್ಲಿ ಹಾಪ್ಸ್ ಟ್ಯಾಂಕಲ್ಲೇ ವಾರ ಉಳೀತು. ಹಬ್ಬದ ರಜ ಇತ್ತು, ತೆಗೆಯೋಕೆ ಆಗ್ಲಿಲ್ಲ."

"ಹಾಗಾದ್ರೆ ಎಷ್ಟು ದಿನ ಇರ್ಬೇಕಪ್ಪ?"

"ಮೂರು ದಿನ ಸಾಕು ಸರ್. ಎಲೆಯ ರಸ ಇಳಿಯೋ ಮೊದಲೇ ತೆಗೀಬೇಕು."

ಒಳಗೆ ಹೋಗಿ ಪೊಟ್ಟಣವೊಂದನ್ನು ತಂದು ಇಬ್ಬರ ಅಂಗೈಗೂ ನಾಲ್ಕು ನಾಲ್ಕು ಗುಳಿಗೆ ಹಾಕಿದ. ಹಾಪ್ಸ್ ಕೊಳ್ಳುವವರು ಹೀಗೇ ಪರೀಕ್ಷೆ ಮಾಡುವುದು, ಎರಡು ಕೈಯಿಂದ ಉಜ್ಜಿ, ಬಿಸಿ ಏರಿಸಿ, ಮೂಗಿಗೆ ಹಿಡಿದು. ಅಗರಬತ್ತಿಯವರು ಉಜ್ಜಿದರು. ಅಂಗೈಗೆ ಹಸಿರು ಅಂಟಿತು, ಅದರ ಮೇಲೆ ಹಳದಿ ಜಿಗುಟು. ಸೊನೆ, ಸಿಪ್ಪೆ, ರಾಳ, ಹಿಂದೆ ಎಲ್ಲೋ ಬೆಳ್ಳುಳ್ಳಿಯದೊಂದು ಸುಳಿವು. ಅದು ಕೆಲವು ತಳಿಗಳಲ್ಲಿ ಕೊಯ್ಲು ತಡವಾದಾಗ ಬರುತ್ತದೆ ಎಂದು ಬ್ರೂವರ್ ಒಪ್ಪಿಕೊಂಡ. ಎರಡನೆಯ ಟ್ಯಾಂಕಿನಲ್ಲಿ ಮುಂದಿನ ಬ್ಯಾಚ್ ಹುದುಗು ಮುಗಿಸುತ್ತಿದೆ, ಗುರುವಾರ ಹಾಪ್ಸ್ ಹಾಕಿ ಭಾನುವಾರ ಖಂಡಿತ ತೆಗೆಯುತ್ತೇನೆ ಎಂದ. ಲೇತ್ ಶಾಪಿನವರು ಕೈ ಒರೆಸಿಕೊಳ್ಳುತ್ತ ಟ್ಯಾಂಕಿನ ವೆಲ್ಡಿಂಗ್ ಎಲ್ಲಿ ಮಾಡಿಸಿದ್ದು ಎಂದು ವಿಚಾರಿಸತೊಡಗಿದರು.